ಹವಳದ ಎಲುಬಿನೊಳಗಿನ ಹಸಿರು

ನಾನೊಂದು ಪಾಚಿ. ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಪಾಚಿಯಲ್ಲ, ಕೆರೆಯ ನೀರಿನ ಮೇಲೆ ಹಾಸಿಕೊಳ್ಳುವ ಪಾಚಿಯೂ ಅಲ್ಲ. ನನ್ನನ್ನು ನೀವು ಕಂಡಿರಲಾರಿರಿ. ಕಡಲ ತಳದಲ್ಲಿ ಹವಳವೆಂಬ ಜೀವ ತನ್ನ ಮೈಯ ಕೆಳಗೆ ಸುಣ್ಣದ ಎಲುಬನ್ನು ಕಟ್ಟಿಕೊಳ್ಳುತ್ತದಲ್ಲ, ಆ ಎಲುಬಿನ ಒಳಗೆ ನನ್ನ ವಾಸ. ಕೂದಲಿಗಿಂತ ಸಣ್ಣ ಎಳೆ ನಾನು. ಕೊರೆದು ಒಳಗೆ ಹೋಗುತ್ತೇನೆ, ಅಲ್ಲೇ ಕವಲೊಡೆಯುತ್ತೇನೆ, ಅಲ್ಲೇ ಹಸಿರಾಗಿರುತ್ತೇನೆ. ನನ್ನ ಕುಲಗೋತ್ರ ಇಷ್ಟೇ.

ಹುಟ್ಟಿದ್ದು ಪಡುವಣ ಕಡಲಿನ ಹಕ್ಕಿಪಾರೆ ಎಂಬ ಬಂಡೆಯ ಬುಡದಲ್ಲಿ. ಮೊಗವೀರರ ಕೇರಿಯಿಂದ ಬೆಳ್ಳಿ ಮೂಡುವಾಗ ಸಣ್ಣ ದೋಣಿಯಲ್ಲಿ ಹೊರಟವರು ಎಳೆಬಿಸಿಲು ಬೀಳುವ ಹೊತ್ತಿಗೆ ಅಲ್ಲಿರುತ್ತಾರೆ. ಆಗ ನಾನು ಕಣ್ಣಿಗೆ ಕಾಣದ ಒಂದು ಕಣ, ಅಲೆ ನೂಕಿದತ್ತ ಹೋಗುವುದೇ ಬಾಳು. ಒಂದು ಎಳೆಯ ಹವಳ ಆಗತಾನೇ ಬಂಡೆಗೆ ಅಂಟಿಕೊಂಡು ಗುಲಗಂಜಿಯಷ್ಟು ಎಲುಬು ಕಟ್ಟಿತ್ತು. ಅದರ ಅಂಚಿನಲ್ಲಿ ತಂಗಿದೆ. ಹೋಗು ಎನ್ನಲು ಅದಕ್ಕೆ ತಿಳಿಯಲಿಲ್ಲ, ಕೇಳಿ ಒಳಗೆ ಬರಬೇಕೆಂದು ನನಗೂ ತಿಳಿಯಲಿಲ್ಲ.

ಕೊರೆಯಲು ನನಗೆ ಹಲ್ಲಿಲ್ಲ, ಉಗುರಿಲ್ಲ. ಹುಣಿಸೆಹುಳಿ ತಾಮ್ರದ ಕಿಲುಬನ್ನು ತಿನ್ನುವ ಹಾಗೆ ನನ್ನ ಮೈಯಿಂದ ಒಸರುವ ಹುಳಿ ಸುಣ್ಣವನ್ನು ತಿನ್ನುತ್ತದೆ. ಹವಳ ಮೇಲೊಂದು ಪದರ ಕಟ್ಟಿದರೆ ನಾನು ಕೆಳಗಿನಿಂದ ಒಂದು ಎಳೆ ಮೇಲಕ್ಕೆ ಹತ್ತುತ್ತಿದ್ದೆ. ಅವಳನ್ನು ನಾನು ಒಡತಿ ಎಂದೇ ಕರೆಯುವುದು. ಮನೆ ಅವಳದು. ಬಾಡಿಗೆಯ ಬದಲು ಗೋಡೆಯನ್ನೇ ತಿಂದ ಜೀವವನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಒಡತಿಗೆ ಮಾನದ ಅತಿಥಿಗಳು ಬೇರೆ ಇದ್ದರು. ಹೊನ್ನಿನ ಬಣ್ಣದ ಪುಟ್ಟ ಪಾಚಿಗಳು, ಅವಳ ಮೈಯ ಮಾಂಸದಲ್ಲೇ ಅವುಗಳ ಪೀಠ. ಅವು ಬಿಸಿಲನ್ನು ಉಂಡು ಅವಳಿಗೂ ಉಣಿಸುತ್ತಿದ್ದವು. ಅವು ಉಂಡು ಬಿಟ್ಟ ಎಂಜಲು ಬೆಳಕು ಎಲುಬಿನೊಳಕ್ಕೆ ಇಳಿಯುತ್ತಿತ್ತು, ನೂರಕ್ಕೆ ಒಂದು ಪಾಲೂ ಇಲ್ಲ, ಆರುವ ಕೆಂಡದ ಹಾಗೆ ಕೆಂಪಗೆ, ಮಂಕಾಗಿ. ಅಷ್ಟರಲ್ಲೇ ಹಸಿರಾಗಿರುವುದನ್ನು ಕಲಿತೆ. ಕಲಿತದ್ದು ಒಳ್ಳೆಯದಾಯಿತೆಂದು ಆಗ ಅನ್ನಿಸಿತ್ತು.

ಒಂದು ಬೇಸಗೆ ನೀರು ಬಿಸಿಯೇರಿತು. ಒಡತಿಗೆ ತಾಳಲಾಗಲಿಲ್ಲ. ಹೊನ್ನಿನ ಅತಿಥಿಗಳು ಒಂದೊಂದಾಗಿ ಅವಳ ಮೈ ಬಿಟ್ಟು ಹೋದವು, ಅವಳು ಬಿಳಿಚಿಕೊಂಡಳು. ಅಂದೇ ಮೊದಲ ಬಾರಿಗೆ ಪೂರ್ತಿ ಬಿಸಿಲು ನನ್ನ ಮೇಲೆ ಬಿದ್ದದ್ದು. ಅವಳ ಎಲುಬಿನ ಉದ್ದಕ್ಕೂ ನಾನು ಹಬ್ಬಿದೆ, ಹೊರಗಿನಿಂದ ನೋಡಿದವರಿಗೂ ಕಾಣುವಷ್ಟು ಹಸಿರಾದೆ. ಉಂಡದ್ದರಲ್ಲಿ ಸ್ವಲ್ಪ ಅವಳಿಗೂ ಕೊಟ್ಟೆ, ಹೌದು. ಆ ತುತ್ತಿನಿಂದಲೇ ಅವಳು ಮಳೆಗಾಲದ ತಂಪು ನೀರಿನವರೆಗೆ ಜೀವ ಹಿಡಿದಳೆಂದರೂ ಸುಳ್ಳಲ್ಲ. ಆದರೆ ಅವಳ ಸಂಕಟವೇ ನನಗೆ ಸುಗ್ಗಿಯಾಯಿತು ಎಂಬುದೂ ಅಷ್ಟೇ ನಿಜ. ಅತಿಥಿಗಳು ಮರಳಿದ ಮೇಲೆ ನಾನು ಮತ್ತೆ ಕತ್ತಲೆಗೆ ಸರಿದೆ. ಆ ಬಿಸಿಲಿನ ರುಚಿಯನ್ನು ಮಾತ್ರ ಮರೆಯಲಿಲ್ಲ.

ಕತ್ತಲೆಯಲ್ಲಿರುವವರಿಗೆ ಕೇಳುವುದೇ ಕೆಲಸ. ನೀರಿನಲ್ಲಿ ಸದ್ದು ಬೇಗ ಹರಿಯುತ್ತದೆ, ಸುಣ್ಣದಲ್ಲಿ ಇನ್ನೂ ಬೇಗ. ಬಸವನ ದನಿ ನನಗೆ ಗುರುತಾದದ್ದು ಹಾಗೆ. ಅವನು ಕೇರಿಯ ಮುತ್ತಕ್ಕನ ಒಬ್ಬನೇ ಮಗ. ದೊಡ್ಡ ಬಲೆಯವರ ಗುಂಪಿಗೆ ಸೇರದೆ ಒಬ್ಬನೇ ದೋಣಿ ತಂದು ಹಕ್ಕಿಪಾರೆಯಲ್ಲಿ ಗಾಳ ಹಾಕುವವನು. ಅವನ ಲಂಗರು ಕಬ್ಬಿಣದ್ದಲ್ಲ, ಹಗ್ಗ ಕಟ್ಟಿದ ತೂತಿನ ಕಲ್ಲು. ಕಲ್ಲನ್ನು ನೀರಿಗೆ ಹಾಕಲು ಎತ್ತುವಾಗ ಅವನು ತಾಯಿಯಿಂದ ಕಲಿತ ಪದದ ಒಂದು ಸಾಲು ಹೇಳುತ್ತಿದ್ದ:

ಇಳಿವ ಕಲ್ಲಿಗೆ ನೆಲೆಯ ನೀಡು ತಾಯೆ ಕಡಲಮ್ಮ

ಕಲ್ಲು ನೀರಿಗೆ ಬಿದ್ದ ಮೇಲೆ ಎರಡನೆಯದು:

ಉಳಿವ ಮಂದಿಗೆ ದಡವ ತೋರು ತಾಯೆ ಕಡಲಮ್ಮ

ಆರು ವರ್ಷ, ಮಳೆಗಾಲದ ತಿಂಗಳುಗಳನ್ನು ಬಿಟ್ಟು ಎಲ್ಲ ಬೆಳಗೂ, ಈ ಎರಡು ಸಾಲುಗಳ ನಡುವೆ ನನ್ನ ದಿನ ಶುರುವಾಗುತ್ತಿತ್ತು. ಮೊದಲ ಸಾಲು, ದುಡುಮ್ ಎಂಬ ಸದ್ದು, ಎರಡನೆಯ ಸಾಲು. ಬೇರೆ ಶಾಸ್ತ್ರ ನನಗೆ ಗೊತ್ತಿಲ್ಲ, ಬೇರೆ ಗುರುವೂ ಇಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಮೊದಲ ಸಾಲು ಬಂತು. ಕಲ್ಲು ಬಿತ್ತು. ಎರಡನೆಯ ಸಾಲು ಬರಲಿಲ್ಲ.

ಕಲ್ಲಿನ ಹಿಂದೆಯೇ ಬಸವ ಬಂದ. ಹಗ್ಗದ ಒಂದು ಸುತ್ತು ಅವನ ಕಣಕಾಲಿಗೆ ಬಿಗಿದಿತ್ತು. ಕಲ್ಲು ಒಡತಿಯ ಮೇಲೆಯೇ ಬಿದ್ದು ಅವಳ ಒಂದು ಗಂಟನ್ನು, ತೆಂಗಿನಕಾಯಿಯಷ್ಟು ದೊಡ್ಡದನ್ನು, ಮುರಿಯಿತು. ನನ್ನ ಜೀವದ ಬಹುಪಾಲು ಇದ್ದದ್ದು ಆ ಗಂಟಿನಲ್ಲೇ. ಬಸವ ಸೊಂಟದ ಚೂರಿಯನ್ನು ಹುಡುಕಿದ, ಸಿಕ್ಕಿತು, ಹಗ್ಗ ಕೊಯ್ದ. ಕೊಯ್ದದ್ದು ಕಾಲಿನ ಕಡೆ ಅಲ್ಲ, ದೋಣಿಯ ಕಡೆ. ಉಸಿರಿಲ್ಲದವನಿಗೆ ಮೇಲೆ ಯಾವುದು, ಕೆಳಗೆ ಯಾವುದು? ದೋಣಿ ಬಿಡಿಸಿಕೊಂಡು ತೆಂಕಕ್ಕೆ ತೇಲಿಹೋಯಿತು. ಅವನು ಉಳಿದ.

ಮೂರು ಭರತ, ಮೂರು ಇಳಿತ, ಅವನು ನನ್ನ ಪಕ್ಕದಲ್ಲೇ ಇದ್ದ. ಮೀನುಗಳು ಬಂದವು. ಅದನ್ನು ಹೇಳುವುದಿಲ್ಲ. ನಾಲ್ಕನೆಯ ಭರತಕ್ಕೆ ಹಗ್ಗ ಸಡಿಲಾಗಿ, ನೀರು ಅವನನ್ನು ಎತ್ತಿಕೊಂಡು ಆಳದ ಕಡೆಗೆ ಹೋಯಿತು. ಕಂಡದ್ದು ನಾನೊಂದೇ. ನನಗೆ ಬಾಯಿಲ್ಲ.

ಆ ಕೇರಿಯಲ್ಲಿ ಒಂದು ಕ್ರಮವಿದೆ. ಕಡಲಿಗೆ ಹೋದವನ ದೇಹ ಒಂಬತ್ತು ದಿನ ಹುಡುಕಿದರೂ ಸಿಗದಿದ್ದರೆ, ಅವನು ಮೀನು ಹಿಡಿಯುತ್ತಿದ್ದ ಜಾಗದ ತಳದಿಂದ ಒಂದು ಕಲ್ಲನ್ನು ತರುತ್ತಾರೆ. ಆ ಕಲ್ಲೇ ಅವನು. ದಡದಲ್ಲಿ ಅದಕ್ಕೆ ಎಳ್ಳುನೀರು ಬಿಟ್ಟು, ಮರಳಿ ಕಡಲಿಗೆ ಹಾಕಿದರೆ ಅವನ ಕ್ರಿಯೆ ಮುಗಿದಂತೆ. ಹೆಂಡತಿ ಕರಿಮಣಿ ತೆಗೆಯುತ್ತಾಳೆ. ಬೇಕಿದ್ದರೆ ತವರಿಗೆ ಹೋಗುತ್ತಾಳೆ, ಮನಸ್ಸಿದ್ದರೆ ಇನ್ನೊಂದು ಸಂಸಾರವನ್ನೂ ಮಾಡುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ.

ಹತ್ತನೆಯ ದಿನ ಕಲ್ಲಿಗಾಗಿ ಮುಳುಗಿದವನು ಸೂರ, ಬಸವನ ಹೆಂಡತಿ ಗುಲಾಬಿಯ ಅಣ್ಣ. ಬಂಡೆಯಿಂದ ಕೀಳುವ ಕಷ್ಟವೇಕೆಂದು, ಮುರಿದು ಬಿದ್ದಿದ್ದ ಆ ಗಂಟನ್ನೇ ಎತ್ತಿಕೊಂಡ. ಹೀಗೆ ನಾನು ನೆಲ ಕಂಡೆ.

ದಡದಲ್ಲಿ ಮಂದಿ ಸೇರಿದ್ದರು. ಕೇರಿಯ ಗುರಿಕಾರ ನಾರ್ಣಜ್ಜ ಬಾಳೆಎಲೆಯ ಮುಂದೆ ಕೂತಿದ್ದ. ಊರಿನ ಹಿರಿತನ ಅವನದು, ಅವನ ಮಾತು ದಾಟುವವರಿಲ್ಲ. ಕ್ರಿಯೆಯ ಜಾಗಕ್ಕೆ ಗೆರೆ ಎಳೆಯಲು ಸುಣ್ಣ ತಂದಿದ್ದ ಕೊಗ್ಗ, ಚಿಪ್ಪು ಸುಟ್ಟು ಸುಣ್ಣ ಮಾಡುವವನು, ಎಲ್ಲರಿಗಿಂತ ಹಿಂದೆ, ದೋಣಿಯ ನೆರಳಿನಲ್ಲಿ ನಿಂತಿದ್ದ. ಗುರಿಕಾರ ಕಲ್ಲನ್ನು ಎಲೆಯ ಮೇಲಿಡಲು ಎತ್ತಿದವನು ಹಾಗೇ ತಡೆದ. ಮುರಿದ ಮೈ ಅವನ ಕಡೆಗಿತ್ತು. ಬಿಳಿಯ ಸುಣ್ಣದ ನಡುವೆ ಎರಡು ಬೆರಳಗಲ ಹಸಿರು ಪಟ್ಟಿ. ಅದು ನಾನು.

"ಇದ್ರ ಒಳ್ಗೆ ಹಸ್ರ್ ಅಲ್ದಾ?" ಎಂದ.

"ಪಾಚಿ ಆಯ್ಕ್, ಅಜ್ಜಾ," ಎಂದ ಸೂರ. ಅವನ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು.

"ಪಾಚಿ ಕಲ್ಲಿನ ಮೇಲ್ ಹಿಡಿತ್, ಒಳ್ಗೆ ಹೊಕ್ಕಂತಾ? ಹೊರ್ಗೆ ಬಿಳಿ, ಒಳ್ಗೆ ಹಸಿ. ಜೀವ ಇಪ್ಪುದು ಹಾಂಗೇ." ನಾರ್ಣಜ್ಜ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡ. "ಹಸಿ ಇಪ್ಪುದಕ್ಕೆ ಎಳ್ಳುನೀರ್ ಬಿಡೂಕಾಗ. ನಮ್ಮ್ ಹಿರಿಯರ್ ಹೇಳಿದ್ದ್."

ಆಮೇಲೆ ಮುತ್ತಕ್ಕ ಎದ್ದು ನಿಂತಳು. ಒಂಬತ್ತು ದಿನ ಗಂಟಲಿಗೆ ಗಂಜಿ ಇಳಿಸದಿದ್ದ ಮುದುಕಿ. "ನಾ ಹೇಳಿದ್ನಲ್ದಾ," ಎಂದಳು ಮೆಲ್ಲಗೆ, "ನನ್ ಮಗ ಹೋಗ್ಲಿಲ್ಲ."

ಇಪ್ಪತ್ತೆರಡು ವರ್ಷದ ಗುಲಾಬಿ ಕರಿಮಣಿಯ ಮೇಲೆ ಕೈಯಿಟ್ಟು ಕೂತಿದ್ದಳು, ತೆಗೆಯಲು ಸಿದ್ಧವಾಗಿ. ಆ ಕೈ ಅಲ್ಲೇ ಉಳಿಯಿತು.

ಕೊಗ್ಗ ಸುಣ್ಣದ ಬುಟ್ಟಿಯನ್ನು ಎತ್ತಿಕೊಂಡು ಹೊರಟುಹೋದ.

ನನ್ನನ್ನು ಮುತ್ತಕ್ಕನ ಮನೆಯ ಜಗುಲಿಯಲ್ಲಿ, ಚಾವಣಿಯ ನೆರಳಿನಡಿ, ಕಲ್ಲಿನ ಮರಿಗೆಯಲ್ಲಿ ಕಡಲ ನೀರು ತುಂಬಿ ಇಟ್ಟರು. ಮೂರನೆಯ ದಿನ, ಆ ಗಂಟಿನ ಮೇಲಿದ್ದಷ್ಟು ಒಡತಿ ಸತ್ತಳು. ಅವಳ ಮೈ ಲೋಳೆಯಾಗಿ ಕರಗಿ, ನೀರು ನಾರಿತು. "ಕಡಲಿನ ವಾಸನೆ," ಎಂದಳು ಮುತ್ತಕ್ಕ ಭಕ್ತಿಯಿಂದ. ಗುಲಾಬಿ ನೀರನ್ನು ಚೆಲ್ಲಿ ಹೊಸದನ್ನು ತುಂಬಿದಳು. ಅಷ್ಟು ವರ್ಷ ನನ್ನನ್ನು ಎಲುಬಿನಲ್ಲಿಟ್ಟುಕೊಂಡವಳಿಗೆ ಆ ಮನೆಯಲ್ಲಿ ಎಳ್ಳುನೀರು ಬಿಟ್ಟವರಿಲ್ಲ. ಅವಳು ಅಲ್ಲಿದ್ದಳೆಂದೇ ಯಾರಿಗೂ ಗೊತ್ತಿರಲಿಲ್ಲ.

ಅವಳ ಮಾಂಸ ಹೋದ ಮೇಲೆ ಬೆಳಕು ಬಂತು. ಜಗುಲಿಯ ಮಂಕು ಬೆಳಕು ನಿಮಗೆ ಕತ್ತಲೆ, ನನಗೆ ಅರಮನೆ. ನಾನು ಹಬ್ಬಿದೆ. ಪ್ರತಿ ಅಮಾವಾಸ್ಯೆಗೆ ಗುರಿಕಾರ ಬಂದು ಕತ್ತಿಯ ಮೊನೆಯಿಂದ ಕಲ್ಲಿನ ಒಂದು ಬದಿಯನ್ನು ಕೆರೆದು ನೋಡುತ್ತಿದ್ದ. ಕೆರೆದಲ್ಲೆಲ್ಲ ನಾನಿರುತ್ತಿದ್ದೆ. "ಹಸಿ," ಎನ್ನುತ್ತಿದ್ದ. ಮುತ್ತಕ್ಕ ಕೈಮುಗಿದು ಒಳಗೆ ಹೋಗಿ ಅಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಬಾಡಿಬಿಡಬೇಕು ಎಂದು ನಾನು ಯತ್ನಿಸಿದೆನೇ? ಇಲ್ಲ. ಸತ್ತವನ ಹೆಸರಿನಲ್ಲಿ ಸಿಕ್ಕ ನೀರನ್ನು ಕುಡಿದೆ, ಬೆಳೆದೆ.

ನೀರು ಹೊರುವುದು ಗುಲಾಬಿಯ ಪಾಲು. ದಿನಕ್ಕೆ ಎರಡು ಕೊಡ, ಮಳೆಯಿರಲಿ ಬಿಸಿಲಿರಲಿ. ದಡದಿಂದ ಅವಳು ಬರುವಾಗ ಮೀನಿನ ಬುಟ್ಟಿಯ ಹೆಂಗಸರು ಜೊತೆಗೇ ಬರುತ್ತಿದ್ದರು. ಅವರ ಮಾತು ಜಗುಲಿಗೆ ಕೇಳುತ್ತಿತ್ತು.

"ಗುಲಾಬೀ, ಗಂಡನ್ ಸ್ನಾನ ಆಯ್ತನೇ?"

"ಅವ್ಳ್ ಗಂಡ ಕುಡ್ಕ ಅಲ್ಲ, ಹೊಡೂದಿಲ್ಲ, ಕೂಗೂದಿಲ್ಲ. ನನ್ ಮನೆಯದ್ದನ್ನೂ ಒಂದ್ ಮರಿಗೆಯಗೆ ಹಾಕಿಡ್ಕ್ ಮಾರಾಯ್ತಿ."

ನಗು. ಗುಲಾಬಿಯೂ ನಗುತ್ತಿದ್ದಳು, ಮೊದಲ ಎರಡು ವರ್ಷ. ಆಮೇಲೆ ಬರೇ ನೀರು ಸುರಿಯುವ ಸದ್ದು.

ಸೂರ ವರ್ಷಕ್ಕೊಮ್ಮೆ ಬಂದು ಜಗುಲಿಯಲ್ಲಿ ಕೂರುತ್ತಿದ್ದ. ನಾಲ್ಕನೆಯ ವರ್ಷ ಒಂದು ಸಂಬಂಧದ ಸುದ್ದಿ ತಂದ. ಹೆಂಡತಿ ತೀರಿಕೊಂಡ ದೋಣಿಯವನು, ಒಳ್ಳೆಯವನು, ಕಾಯಲು ಒಪ್ಪಿದ್ದಾನೆ ಎಂದ.

"ಕಲ್ಲಿಗೆ ಹೆಂಡ್ತಿ ಆಯ್ಕಂಡ್ ಎಷ್ಟ್ ವರ್ಷ ಕೂಕಂತೆ, ತಂಗೀ?"

"ನೀನೇ ಅಲ್ದಾ ಅಣ್ಣಯ್ಯ, ಆ ಕಲ್ಲ್ ತಂದದ್ದ್?"

ಸೂರ ನನ್ನನ್ನು ನೋಡಿದ. ಅಂಥ ನೋಟವನ್ನು ನಾನು ಕಡಲಲ್ಲಿ ಕಂಡಿರಲಿಲ್ಲ. ದೋಣಿಯವನು ಎರಡು ವರ್ಷ ಕಾದು, ಬೇರೆ ಕಡೆ ಮದುವೆಯಾದ.

ಮುತ್ತಕ್ಕ ಸಂಜೆ ದೀಪ ಹಚ್ಚಿ ನನ್ನ ಮುಂದೆ ಕೂತು ಪದ ಹೇಳುತ್ತಿದ್ದಳು, ಮಗನಿಗೆ ಕಲಿಸಿದವೇ ಎಲ್ಲವೂ. ಕಲ್ಲಿನ ಎರಡು ಸಾಲು ಮಾತ್ರ ಹೇಳುತ್ತಿರಲಿಲ್ಲ. ಅದು ದೋಣಿಯಲ್ಲಿ ಹೇಳುವುದು, ಮಗ ಬಂದು ಹೇಳಲಿ ಎನ್ನುತ್ತಿದ್ದಳು. ಆಮೇಲೆ ನನಗೆ ಊರ ಸುದ್ದಿ. "ಮಗಾ, ಇವತ್ತ್ ಬಂಗ್ಡೆ ಲಾಯ್ಕ್ ಬಂದಿತ್. ನೀ ಬಂದ್ರೆ ಪುಳಿಮುಂಚಿ ಮಾಡ್ತೆ." ನಾನು ಕೇಳುತ್ತಿದ್ದೆ. ಅವಳ ಮಗನನ್ನು ಮೀನು ತಿಂದದ್ದನ್ನು ಕಂಡ ನಾನು, ಅವಳ ಮಗನಾಗಿ ಮೀನಿನ ಸುದ್ದಿ ಕೇಳುತ್ತಿದ್ದೆ.

ಒಂಬತ್ತನೆಯ ವರ್ಷದ ಚೌತಿಯ ಮುಂಚೆ ಗೋಡೆಗೆ ಸುಣ್ಣ ಬಳಿಯಲು ಕೊಗ್ಗ ಬಂದ. ಮುತ್ತಕ್ಕ ಗುಡಿಗೆ ಹೋಗಿದ್ದಳು, ಮನೆಯಲ್ಲಿ ಗುಲಾಬಿ ಒಬ್ಬಳೇ. ಮರಿಗೆಯನ್ನು ಸರಿಸಬೇಕಿತ್ತು. ಬಗ್ಗಿದವನು ಹಾಗೇ ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಇದ್ ಇನ್ನೂ ಇಲ್ಲೇ ಇತ್ತಾ?"

"ಎಲ್ಲಿಗ್ ಹೋತ್ತ್, ಕೊಗ್ಗಣ್ಣ?" ಎಂದಳು ಗುಲಾಬಿ.

ಕೊಗ್ಗ ಅಂಗಳದ ಮೂಲೆಯಿಂದ ಒಂದು ಹಳೆಯ ಚಿಪ್ಪನ್ನು ಹೆಕ್ಕಿ ತಂದ. ಒಳಗೆ ಜೀವವಿಲ್ಲದ, ಎಂದೋ ಸತ್ತ ಚಿಪ್ಪು. ಸುಣ್ಣದ ಕೋಲಿನಿಂದ ಅದರ ಅಂಚನ್ನು ಮುರಿದು ಅವಳ ಅಂಗೈಯಲ್ಲಿಟ್ಟ. ಮುರಿದಲ್ಲಿ ಹಸಿರು. ನನ್ನದೇ ಕುಲ.

"ಕೊರ್ಕ ಪಾಚಿ. ಜೀವ ಹೋದ್ ಚಿಪ್ಪಗೂ ಇರತ್ತ್. ನಾ ಬುಟ್ಟಿಗಟ್ಲೆ ಸುಡ್ತೆ, ಅಮ್ಮಾ. ನಂಗೆ ಗೊತ್ತಿಲ್ಯಾ?"

ಗುಲಾಬಿ ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. "ಅವತ್ತ್ ನೀ ದಡದಗೆ ಇದ್ದೆ," ಎಂದಳು. "ಅವತ್ತೇ ಹೇಳ್ಲಕ್ಕಿತ್ತ್."

"ನನ್ನ ಯಾರ್ ಕೇಂಡ್ರ್?" ಕೊಗ್ಗನ ದನಿಯಲ್ಲಿ ಸಿಟ್ಟಿರಲಿಲ್ಲ. "ಸುಣ್ಣ ಎಲ್ಲಿ ಇಡ್ಕ್ ಅಂತ ಹೇಳಿದ್ರ್. ಇಟ್ಟೆ."

ಅವನು ಗೋಡೆ ಬಳಿಯತೊಡಗಿದ. ಅವಳು ಚಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಒಂಬತ್ತು ವರ್ಷ ಆ ಮುಷ್ಟಿಯಲ್ಲಿತ್ತು. ಅಷ್ಟರಲ್ಲಿ ಮುತ್ತಕ್ಕ ಕೋಲೂರಿಕೊಂಡು ಬಂದಳು. ಅವಳ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಎಂದಿನಂತೆ ಮರಿಗೆಯ ಬಳಿ ನಿಂತು ಕೇಳಿದಳು.

"ಕಾಣ್ ಹೆಣ್ಣೇ, ಹಸ್ರ್ ಇತ್ತಾ?"

ಕೊಗ್ಗನ ಕುಂಚ ಗೋಡೆಯ ಮೇಲೆ ನಿಂತಿತು. ಒಂದು ಮಾತು ಸಾಕಿತ್ತು. ಆ ಮಾತಿಗೆ ಒಬ್ಬಳು ಬಿಡುಗಡೆಯಾಗುತ್ತಿದ್ದಳು, ಇನ್ನೊಬ್ಬಳು ಆ ಸಂಜೆಯಿಂದ ಉಣ್ಣುತ್ತಿರಲಿಲ್ಲ. ನಾನು ಕಾದೆ. ನನ್ನ ಬದುಕಿನಲ್ಲಿ ಮೊದಲ ಸಲ, ನನ್ನನ್ನು ಯಾರಾದರೂ ಸುಳ್ಳೆಂದು ಕರೆಯಲಿ ಎಂದು ಕಾದೆ.

"ಇತ್ತ್, ಅತ್ತೆ," ಎಂದಳು ಗುಲಾಬಿ. "ನೀವ್ ಉಂಡ್ಕಣಿ."

ಮತ್ತೆ ಎರಡು ವರ್ಷ ನೀರು ಹೊತ್ತಳು. ಮೊದಲ ಒಂಬತ್ತು ವರ್ಷ ಗಂಡನಿಗಾಗಿ, ಕೊನೆಯ ಎರಡು ಅತ್ತೆಗಾಗಿ. ನನಗಾಗಿ ಯಾರೂ ಒಂದು ಬೊಗಸೆ ಹೊತ್ತದ್ದಿಲ್ಲ. ಆದರೂ ಕುಡಿದದ್ದೆಲ್ಲ ನಾನೇ.

ಮುತ್ತಕ್ಕ ಮಾಘದಲ್ಲಿ ಹೋದಳು, ಮಗನಿಗೆ ಬಿಸಿ ಗಂಜಿ ಮುಚ್ಚಿಡಲು ಹೇಳಿ. ಅವಳ ಕ್ರಿಯೆಗಳು ಮುಗಿದ ಮರುದಿನ ಗುಲಾಬಿ ಮರಿಗೆಯ ನೀರನ್ನು ತುಳಸಿಯಿಂದ ದೂರ, ಬೇಲಿಯ ಬುಡಕ್ಕೆ ಚೆಲ್ಲಿದಳು. ನನ್ನನ್ನು ಒಣಮೀನಿನ ಚಾಪೆಯ ಮೇಲೆ, ಉಪ್ಪು ಸವರಿದ ಸೊರಕೆ ಮೀನುಗಳ ನಡುವೆ, ನಡುಬಿಸಿಲಿನಲ್ಲಿ ಇಟ್ಟಳು. ಯಾವ ಬಿಸಿಲಿಗಾಗಿ ಹಂಬಲಿಸಿದ್ದೆನೋ ಅದೇ ಬಿಸಿಲು. ಅದು ಉಣಿಸುವುದಿಲ್ಲ, ಸುಡುತ್ತದೆ. ಮೀನು ತಿರುಗಿಸುವಾಗ ನನ್ನನ್ನೂ ತಿರುಗಿಸುತ್ತಿದ್ದಳು, ಮೀನಿಗಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಂಟನೆಯ ದಿನ ಉಗುರಿನಿಂದ ಕೆರೆದು ನೋಡಿದಳು. ಬಿಳಿ ಪುಡಿ ಉದುರಿತು.

ಗುರಿಕಾರನ ಮುಂದೆ ಇಟ್ಟಳು. ನಾರ್ಣಜ್ಜನಿಗೂ ವಯಸ್ಸಾಗಿತ್ತು. ಕತ್ತಿಯಿಂದ ಮೂರು ಕಡೆ ಕೆರೆದ. ಮೂರೂ ಕಡೆ ಬಿಳಿ.

"ಯಾವಾಗ ಒಣಗಿತ್ತ್?"

"ಅತ್ತೆ ಹೋದ್ ದಿನ."

ಗುರಿಕಾರನ ಕಣ್ಣು ತುಂಬಿತು. ಸುತ್ತ ನಿಂತವರ ಕಡೆ ತಿರುಗಿ ಹೇಳಿದ: "ಕಂಡ್ರಿಯಾ? ತಾಯಿ ಹೋದ್ ದಿನವೇ ಮಗನೂ ಹೋದ. ಎಲ್ಲಿದ್ದನೋ ಏನೋ, ಹನ್ನೊಂದ್ ವರ್ಷ. ಕಲ್ಲ್ ಸುಳ್ಳ್ ಹೇಳೂದಿಲ್ಲ."

ಹೆಂಗಸರು ಕೈಮುಗಿದರು. ಮರಿಗೆಯ ಹಾಸ್ಯ ಮಾಡಿದವಳೂ ಮುಗಿದಳು. ಕೊಗ್ಗ ಈ ಸಲವೂ ದೋಣಿಯ ನೆರಳಿನಲ್ಲಿ ಸುಣ್ಣದ ಬುಟ್ಟಿಯೊಂದಿಗೆ ನಿಂತಿದ್ದ. ಗುಲಾಬಿ ಒಮ್ಮೆ ಅವನ ಕಡೆ ನೋಡಿದಳು. ಅವನು ನೆಲ ನೋಡಿದ.

ಎಳ್ಳುನೀರು ಬಿಟ್ಟರು. ಗುಲಾಬಿ ಕರಿಮಣಿಯನ್ನು ತಾನೇ ಬಿಚ್ಚಿದಳು. ಅವಳಿಗೆ ಈಗ ಮೂವತ್ತಮೂರು. ಕೊಡ ಹೊತ್ತ ಕಡೆಗೆ ಸೊಂಟ ವಾಲಿತ್ತು. ಸೂರ ದೋಣಿ ತಂದಿದ್ದ. ಅದರಲ್ಲಿ ನಾರ್ಣಜ್ಜನೂ ಗುಲಾಬಿಯೂ ನನ್ನನ್ನು ಹಕ್ಕಿಪಾರೆಗೆ ಒಯ್ದರು. ನಾನು ಹುಟ್ಟಿದಲ್ಲಿಗೆ, ಅವನು ಸತ್ತಲ್ಲಿಗೆ. ಕಲ್ಲನ್ನು ಹಾಕುವುದು ಹೆಂಡತಿಯ ಕೈಯಿಂದ. ಅವಳು ಎತ್ತಿಕೊಂಡು ನಿಂತಳು. ಗಂಡ ಹೇಳುತ್ತಿದ್ದುದನ್ನು ಅವಳೂ ಕೇಳಿದ್ದಳೆಂದು ನನಗೆ ಆಗಲೇ ತಿಳಿದದ್ದು.

"ಇಳಿವ ಕಲ್ಲಿಗೆ ನೆಲೆಯ ನೀಡು ತಾಯೆ ಕಡಲಮ್ಮ."

ಕೈಬಿಟ್ಟಳು. ದುಡುಮ್.

ಎರಡನೆಯ ಸಾಲಿಗಾಗಿ ನಾರ್ಣಜ್ಜ ಕಾದಿರಬೇಕು, ಸೂರನೂ ಕಾದಿರಬೇಕು. ಹನ್ನೊಂದು ವರ್ಷಗಳಿಂದ ನಾನು ಅದಕ್ಕೇ ಕಾದಿದ್ದೆ. ಇಳಿಯುತ್ತ ಇಳಿಯುತ್ತ ಕಿವಿಯಾಗಿದ್ದೆ. ಮೇಲಿಂದ ಕೇಳಿದ್ದು ಅವಳ ದನಿಯೇ, ಆದರೆ ಪದವಲ್ಲ.

"ಅಣ್ಣಯ್ಯ, ದೋಣಿ ತಿರ್ಗ್ಸ್."

ಆಮೇಲೆ ಹುಟ್ಟಿನ ಸದ್ದು, ದೂರವಾಗುತ್ತ.

ಈಗ ನಾನು ಬಂಡೆಯ ಬುಡದಲ್ಲಿ, ಮರಳಿನಲ್ಲಿ ಅರ್ಧ ಹೂತು ಇದ್ದೇನೆ. ಅಂದು ಬಂಡೆಯಲ್ಲೇ ಉಳಿದಿದ್ದ ಒಡತಿಯ ಮೈ ಒಂದು ಮಾರು ದೂರದಲ್ಲಿ ಇನ್ನೂ ಜೀವಂತವಾಗಿದೆ. ಮುರಿದ ಜಾಗವನ್ನು ಅವಳು ಹೊಸ ಸುಣ್ಣದಿಂದ ಮುಚ್ಚಿಕೊಂಡಿದ್ದಾಳೆ. ಅವಳಿಗೆ ನನ್ನ ಗುರುತಿಲ್ಲ.

ಒಂದು ಮಾತು ಹೇಳದೆ ಮುಗಿಸಬಾರದು. ಎಂಟು ದಿನದ ಬಿಸಿಲಿಗೆ, ಗುರಿಕಾರನ ಕತ್ತಿಗೆ, ಎಲ್ಲರ ಕಣ್ಣಿಗೆ ನಾನು ಒಣಗಿದ್ದೆ. ಆದರೆ ಆ ಗಂಟಿನ ನಟ್ಟನಡುವೆ, ಕತ್ತಿಯ ಮೊನೆ ಮುಟ್ಟದಲ್ಲಿ, ಒದ್ದೆಯ ಒಂದು ಕಣ ಹಿಡಿದುಕೊಂಡು ಒಂದು ಎಳೆ ಉಳಿದಿತ್ತು. ಅವರು ಎಳ್ಳುನೀರು ಬಿಟ್ಟದ್ದು ಹಸಿಗೇ. ಹಸಿಯನ್ನು ನಂಬಿದಾಗಲೂ ತಪ್ಪಿದರು, ಬಿಳಿಯನ್ನು ನಂಬಿದಾಗಲೂ ತಪ್ಪಿದರು, ಎರಡು ಸಲವೂ ನಾನು ಬಾಯಿ ಬಿಡಲಿಲ್ಲ.

ಎರಡನೆಯ ಸಾಲು ನನಗೆ ಬಾಯಿಪಾಠವಿದೆ. ಉಳಿವ ಮಂದಿಗೆ ದಡವ ತೋರು. ಗುಲಾಬಿ ಅದನ್ನು ಯಾಕೆ ಹೇಳಲಿಲ್ಲವೆಂದು ಈಗ ಅರ್ಥವಾಗುತ್ತದೆ. ಮಗ ಹೋದ, ತಾಯಿ ಹೋದಳು, ಗುಲಾಬಿಯ ಪ್ರಾಯ ಎರಡು ಕೊಡಗಳಲ್ಲಿ ದಿನವೂ ಚೆಲ್ಲಿಹೋಯಿತು. ಉಳಿದದ್ದು ನಾನು.

ಕತ್ತಲಾಗುತ್ತಿದೆ. ಆ ಒಂದು ಎಳೆ ಕೊರೆಯತೊಡಗಿದೆ.